ಏಳನೆಯ ಕಾರ್ಡು

ಫೆಬ್ರವರಿ. ತಾಲ್ಸಿ ಊರಿನ ಶಾಲೆ.
ಬಾಗಿಲ ಬಳಿ ಸಾಲಾಗಿ ನಿಂತ ಬೂಟುಗಳು
ತಂದ ಹಿಮವನ್ನೆಲ್ಲ ನೆಲಕ್ಕೆ ಒಪ್ಪಿಸುತ್ತಿವೆ.
ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನಾಲ್ಕು ಹಲಗೆ, ನಾಲ್ಕು ಗಡಿಯಾರ.
ಕುಲ್ದೀಗಾದಿಂದ ಬಂದ ನಾವು
ಬರೀ ಕಾಲುಚೀಲದಲ್ಲಿ.

ನಾಲ್ಕನೆಯ ಹಲಗೆ ನನ್ನದು. ಅದರ ಪಕ್ಕ ವಿಜ್ಮಾಳದು,
ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

ಬಸ್ಸಿನಲ್ಲೇ ಹೇಳಿದ್ದರು ಇಂದುಲಿಸ್ ಮೇಷ್ಟ್ರು:
'ಅದೊಂದು ಬೇಡ, ವಿಜ್ಮಾ. ನಮ್ಮ ದೇಶದ ಹೆಸರಿದೆ ಅಂತ
ಕೆಟ್ಟ ಆಟ ಒಳ್ಳೆಯದಾಗುವುದಿಲ್ಲ.
ಮೂರನೆಯ ಹಲಗೆಯಲ್ಲಿ ನನಗೆ ಗೋಡೆ ಬೇಕು,
ಪಟಾಕಿಯಲ್ಲ.'
ಹೂಂ ಅಂದಳು.
ಅವಳ ಹೂಂ ನಮಗೆಲ್ಲ ಗೊತ್ತು.

ಬಿಳಿಯ ಕಾಲಾಳು ಎರಡು ಮನೆ ಬಂತು. ಇವಳದೂ ಎರಡು ಮನೆ.
ಬಿಳಿಯ ಕುದುರೆ ನೆಗೆದು ಹಲ್ಲು ತೋರಿಸಿತು.
ಮರ್ಯಾದಸ್ಥರು ಇಲ್ಲಿ ಕುದುರೆಗೆ ಕುದುರೆ ನಿಲ್ಲಿಸುತ್ತಾರೆ.
ವಿಜ್ಮಾ ರಾಜನ ಪಕ್ಕದ ಒಂಟೆಯ ಮುಂದಿದ್ದ ಪುಟ್ಟ ಕಾಲಾಳನ್ನು
ಎರಡು ಮನೆ ತಳ್ಳಿಬಿಟ್ಟಳು,
ನಡುಚಳಿಯಲ್ಲಿ ಮಲಗುವ ಕೋಣೆಯ ಕಿಟಕಿ ತೆಗೆದ ಹಾಗೆ.

ಗೋಡೆಯ ಬಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.
ಬಹಳ ಹೊತ್ತು ಒರೆಸಿದರು.

ಎದುರಿಗಿದ್ದ ಹುಡುಗ ಓಟೊ, ಹಲ್ಲಿಗೆ ತಂತಿ.
ನಕ್ಕು, ನಕ್ಕದ್ದಕ್ಕೆ ನಾಚಿ, ನಡುವಿನ ಕಾಲಾಳನ್ನು ಕುದುರೆಯಿಂದ ಹೊಡೆದ.
ಮನೆ ಬಿಟ್ಟು ಹೊರಟಳು ಮಂತ್ರಿ (ನಾವು ಅದನ್ನು ಹೆಣ್ಣೆಂದೇ ಕರೆಯುತ್ತೇವೆ)
ಒಡವೆ, ಕೋಟು ಏನೂ ಇಲ್ಲದೆ.
ಅವಳು ಪಟಪಟ ಆಡಿದಳು, ಗಡಿಯಾರಕ್ಕೆ ಬೆರಳು ತಾಗಿಸಿದ್ದೂ ಕಾಣದಷ್ಟು.
ಕುದುರೆ ಹಿಂದೆ ಸರಿಯಿತು. ಇವಳ ಕಾಲಾಳು ಒಂದನ್ನು ತಿಂದಿತು.
ಇನ್ನೊಂದು ಕುದುರೆ ಹೊರಬಂತು. ಮಂತ್ರಿ ಒಂದು ಮನೆ ಪಕ್ಕಕ್ಕೆ.
ಆರು ನಡೆಗೆ ಒಂದು ನಿಮಿಷವೂ ಇಲ್ಲ.

ಓಟೊ ಏಳನೆಯದನ್ನು ಆಡಿದ. ಕಾಲಾಳು, ಒಂದೇ ಮನೆ.

ವಿಜ್ಮಾ ನಿಂತುಬಿಟ್ಟಳು.
ಹತ್ತೊಂಬತ್ತು ನಿಮಿಷ.
ಜಡೆಯ ತುದಿ ಬಾಯಲ್ಲಿ, ಕಣ್ಣು ಹಲಗೆಯಲ್ಲಿಲ್ಲ.
ಆ ಹೊತ್ತಿನಲ್ಲೇ ನಾನು ನನ್ನ ಮಂತ್ರಿಯನ್ನು ಬಿಟ್ಟುಕೊಟ್ಟು
ಸೋಲಿಗೆ ಸಹಿ ಹಾಕಿ ಬೆಂಚಿಗೆ ಬಂದು ಕೂತೆ.
(ನನ್ನ ಆಟದ ಬಗ್ಗೆ ಇಷ್ಟು ಸಾಕು.)

ಮಾರ್ಗೆರ್ಸ್ ಗೆದ್ದ. ಎದ್ಗಾರ್ಸ್ ಸಮ ಮಾಡಿಕೊಂಡು
ಗೆದ್ದವನಂತೆ ಅಮ್ಮನಿಗೆ ಫೋನು ಮಾಡಿದ.
ಒಂದೂವರೆ, ಒಂದೂವರೆ. ದೀಪ ಹಾಕಿದರು.
ಆನೆಗಳು ಹೋದವು, ಒಂಟೆಗಳು ಹೋದವು,
ಕೊನೆಗೆ ಎರಡು ರಾಜರು, ಮೂರು ಕಾಲಾಳುಗಳು,
ಅದರಲ್ಲಿ ಎರಡು ಓಟೊನವು.
ವಿಜ್ಮಾ ಕೈ ಚಾಚಿದಳು.
ಅವನ ಕೈ ಒದ್ದೆಯಾಗಿತ್ತಂತೆ, ಆಮೇಲೆ ಹೇಳಿದಳು.

ವಾಪಸು ಬಸ್ಸಿನಲ್ಲಿ ಯಾರದೋ ಕಾಲುಚೀಲದ ವಾಸನೆ.
ಮೇಷ್ಟ್ರು ಬೈಯುತ್ತಾರೆಂದು ನಾವು ನಿದ್ದೆ ನಟಿಸಿದೆವು.
ಅವರು ಅಯಸ್ಕಾಂತದ ಪುಟ್ಟ ಹಲಗೆ ಬಿಚ್ಚಿ ಅವಳ ಪಕ್ಕ ಕೂತರು.
ಕಳೆದುಹೋದ ಕರಿ ಕಾಲಾಳಿಗೆ ಬದಲು ಒಂದು ಅಂಗಿಯ ಗುಂಡಿ.
'ಯಾರು ಕಲಿಸಿದ್ದು?'

ಅಜ್ಜ, ಎಂದಳು. ಕಲಿಸಿದ್ದಲ್ಲ.
ಬೂಟಿನ ಪೆಟ್ಟಿಗೆಯಲ್ಲಿ ಅಂಚೆ ಕಾರ್ಡುಗಳಿವೆ,
ಚೀತಾ ಊರಿನ ರೈಲ್ವೆ ಗುಮಾಸ್ತನೊಬ್ಬ ಬಿಳಿ ಆಡುತ್ತಿದ್ದ.
ಒಂದು ನಡೆ ಹೋಗಿ ಬರಲು ತಿಂಗಳು.
ಆರು ಕಾರ್ಡು ಬಂದವು.
ಆಮೇಲೆ ದೇಶ ಒಡೆಯಿತು, ಅಂಚೆಯ ದರ ಏರಿತು,
ಅವನೇ ಹೋದನೋ ಏನೋ.
ಅಜ್ಜ ಸಾಯುವವರೆಗೂ ಅಂಚೆಯವನನ್ನು ಕೇಳುತ್ತಿದ್ದರು.

'ಏಳನೆಯದು?'
'ಇವತ್ತು ಬಂತು.'

ಮೇಷ್ಟ್ರು ಏನೂ ಹೇಳಲಿಲ್ಲ. ವೈಪರ್ ಹಿಮ ತಳ್ಳುತ್ತಿತ್ತು.
ಸ್ವಲ್ಪ ಹೊತ್ತಿಗೆ ಗುಂಡಿಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿ
'ಇಲ್ಲಿ ಕಾಲಾಳು ತಿನ್ನುವ ಮೊದಲು,' ಎಂದರು,
'ಕುದುರೆಯನ್ನಾದರೂ ಹೊರಗೆ ತರಬಹುದಿತ್ತಲ್ಲ, ಮಾರಾಯ್ತಿ.'